ಮದುವೆ ಡಿವಿಡಿ ಕೆಡುವ ಮುನ್ನ ಬೇಕಾದ ದೃಶ್ಯ ಉಳಿಸಿಕೊಳ್ಳಿ

ಹತ್ತು-ಹದಿನೈದು ವರ್ಷದ ಹಿಂದಿನ ಮದುವೆ, ಗೃಹಪ್ರವೇಶದ ಡಿವಿಡಿಗಳು ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಈಗಿಲ್ಲದ ಅಜ್ಜಿ ಅಕ್ಷತೆ ಹಾಕುವ ಎರಡು ನಿಮಿಷ ಕೆಲವರಿಗೆ ಸಿಗೋದು ಅದರಲ್ಲಿ ಮಾತ್ರ. ಗೀರು ಬಿದ್ದು ಡಿಸ್ಕ್ ಓಡದಿದ್ದರೆ ಅದೂ ಹೋದಂತೆ.

ಮೊದಲು ಡಿಸ್ಕನ್ನು ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಬೇಡಿ. ಕಂಪ್ಯೂಟರ್‌ಗೆ ಹಾಕಿ ‘ವಿಡಿಯೊ ಟಿಎಸ್’ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಿ. ಅದರೊಳಗೆ ವಿಡಿಯೊ ಹೆಚ್ಚೆಂದರೆ 1 ಜಿಬಿಯ ‘ವಿಒಬಿ’ ಫೈಲ್‌ಗಳಾಗಿ ಇರುತ್ತೆ. ಉಚಿತವಾಗಿ ಸಿಗುವ ಅವಿಡೆಮಕ್ಸ್ ತಂತ್ರಾಂಶದಲ್ಲಿ ಅದನ್ನು ತೆರೆದು, ದೃಶ್ಯದ ಶುರುವಿಗೆ ‘ಎ’, ಕೊನೆಗೆ ‘ಬಿ’ ಗುರುತು ಹಾಕಿ. ವಿಡಿಯೊ, ಆಡಿಯೊ ಎರಡಕ್ಕೂ ‘ಕಾಪಿ’ ಆಯ್ಕೆ ಇಟ್ಟು ಸೇವ್ ಮಾಡಿದರೆ ಚಿತ್ರದ ಗುಣಮಟ್ಟ ಕೆಡಲ್ಲ.

ಹಲವರು ಎಡವೋದು ಬರ್ನ್ ಮಾಡುವಾಗ. ಫೈಲನ್ನು ಡೇಟಾ ಡಿಸ್ಕ್ ಆಗಿ ಬರೆದರೆ ಟಿವಿಯ ಹಳೇ ಪ್ಲೇಯರ್‌ನಲ್ಲಿ ಓಡದೇ ಇರಬಹುದು. ಡಿವಿಡಿಸ್ಟೈಲರ್‌ನಂಥ ಉಚಿತ ತಂತ್ರಾಂಶದಲ್ಲಿ ‘ಡಿವಿಡಿ ವಿಡಿಯೊ’ ರೂಪಕ್ಕೆ ತಂದು, ಕಡಿಮೆ ವೇಗದಲ್ಲಿ ಬರ್ನ್ ಮಾಡಿ. ಡಿಸ್ಕ್ ಮೇಲೆ 4.7 ಜಿಬಿ ಅಂತಿದ್ದರೂ ಕಂಪ್ಯೂಟರ್ ಲೆಕ್ಕದಲ್ಲಿ ಸಿಗೋದು ಸುಮಾರು 4.38 ಜಿಬಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಅಂಗಡಿಯವರಿಗೆ ಒಂದು ಮಾತು: ಗ್ರಾಹಕರ ಮನೆಯ ಸಮಾರಂಭದ ಡಿಸ್ಕ್ ಬೇರೆ, ಸಿನಿಮಾ ಡಿಸ್ಕ್ ಬೇರೆ. ಅನುಮತಿ ಇಲ್ಲದೆ ಸಿನಿಮಾ ದೃಶ್ಯ, ಹಾಡು ಬರ್ನ್ ಮಾಡಿ ಮಾರಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಡಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.