ಹೇಲೋ: ಯಾವುದು ಮೊದಲು, ಯಾವುದು ಆಮೇಲೆ?

ಸ್ಟೀಮ್‌ನಲ್ಲಿ ಸೇಲ್ ಬಂದಾಗೆಲ್ಲ ಹಾಸ್ಟೆಲ್‌ನಲ್ಲಿ ಯಾರಾದ್ರೂ ಒಬ್ಬರು ಹೇಲೋ ಮಾಸ್ಟರ್ ಚೀಫ್ ಕಲೆಕ್ಷನ್ ತಗೊಳ್ತಾರೆ. ಒಂದೇ ಪ್ಯಾಕೇಜ್, ಒಳಗೆ ಆರು ಗೇಮ್. ಇನ್‌ಸ್ಟಾಲ್ ಆದ ಮೇಲೆ ಬರೋ ಪ್ರಶ್ನೆ ಯಾವಾಗಲೂ ಒಂದೇ: "ಮಗಾ, ಇದ್ರಲ್ಲಿ ಯಾವುದು ಫಸ್ಟ್?" ನಾಲ್ಕು ಜನರನ್ನು ಕೇಳಿದ್ರೆ ನಾಲ್ಕು ಉತ್ತರ ಸಿಗುತ್ತೆ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್ ಎಲ್ಲ ಮುಗಿಸಿ ನಮಗೆ ಸಿಗೋ ಟೈಮೇ ಕಡಿಮೆ, ಒಂದೊಂದು ಗೇಮ್‌ನ ಕಥೆಗೆ ಎಂಟು-ಹತ್ತು ಗಂಟೆ ಬೇಕು. ಆರ್ಡರ್ ಸರಿ ಇಲ್ಲದೆ ಎರಡನೇ ಗೇಮ್‌ನಲ್ಲೇ ಕೈಬಿಟ್ಟವರನ್ನು ನಮ್ಮ ಫ್ಲೋರ್‌ನಲ್ಲೇ ಮೂರು ಜನರನ್ನು ನೋಡಿದ್ದೀನಿ. ಒಳ್ಳೆ ಸೀರೀಸ್ ಹೀಗೆ ಹಾಳಾಗಬಾರದು ಅಂತ ಇದನ್ನು ಬರೀತಿದ್ದೀನಿ. ಮುಖ್ಯ ತಿರುವುಗಳನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಗೊಂದಲ ಯಾಕೆ ಅಂದ್ರೆ, ಇಲ್ಲಿ ಎರಡು ಸಾಲುಗಳಿವೆ. ಬಿಡುಗಡೆಯಾದ ಸಾಲಿನಲ್ಲಿ ಕಾಂಬ್ಯಾಟ್ ಇವಾಲ್ವ್ಡ್ (2001), ಹೇಲೋ 2 (2004), ಹೇಲೋ 3 (2007), ಓಡಿಎಸ್‌ಟಿ (2009), ರೀಚ್ (2010), ಹೇಲೋ 4 (2012). ಕಥೆ ನಡೆಯೋ ಸಾಲು ಬೇರೆ: ಮೊದಲು ರೀಚ್, ಆಮೇಲೆ ಕಾಂಬ್ಯಾಟ್ ಇವಾಲ್ವ್ಡ್, ಹೇಲೋ 2, ಓಡಿಎಸ್‌ಟಿ, 3, 4. ಅಂದ್ರೆ ರೀಚ್ ಐದನೆಯದಾಗಿ ಬಂದು ಕಥೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗಿ ಕೂತಿದೆ. ಇದರ ಜೊತೆಗೆ, ಈ ಕಲೆಕ್ಷನ್ ಪಿಸಿಗೆ ಬಂದಾಗ 2019ರ ಡಿಸೆಂಬರ್‌ನಲ್ಲಿ ಮೊದಲು ಕೊಟ್ಟಿದ್ದೇ ರೀಚ್. ಉಳಿದವು 2020ರಲ್ಲಿ ಒಂದೊಂದಾಗಿ ಬಂದವು. ಹಾಗಾಗಿ ಪಿಸಿಯಲ್ಲಿ ಆಡೋ ನಮ್ಮಂಥವರಲ್ಲಿ ತುಂಬಾ ಜನರಿಗೆ ರೀಚೇ ಮೊದಲ ಹೇಲೋ.

ನನ್ನ ಉತ್ತರ ನೇರವಾಗಿ ಹೇಳ್ತೀನಿ: ಬಿಡುಗಡೆಯಾದ ಸಾಲಿನಲ್ಲೇ ಆಡಿ. 2001ರ ಗೇಮ್‌ನಿಂದ ಶುರು ಮಾಡಿ.

ಕಾಂಬ್ಯಾಟ್ ಇವಾಲ್ವ್ಡ್ ಶುರುವಾಗೋದು ಏನೂ ಗೊತ್ತಿಲ್ಲದ ಜಾಗದಲ್ಲಿ. ಕವನೆಂಟ್ ಅನ್ನೋ ಅನ್ಯಗ್ರಹದವರ ಒಕ್ಕೂಟ ಮನುಷ್ಯರನ್ನು ಧರ್ಮದ ಹೆಸರಲ್ಲಿ ಬೇಟೆಯಾಡ್ತಿದೆ. ಸೋತು ಓಡಿಬಂದ ಒಂದು ಹಡಗಿನ ಎದುರು ಆಕಾಶದಲ್ಲಿ ದೊಡ್ಡ ಬಳೆ ಥರದ ಒಂದು ಲೋಕ ತೇಲ್ತಿದೆ. ಅದನ್ನು ಕಟ್ಟಿದ್ದು ಯಾರು, ಯಾಕೆ, ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಹೀರೋ ಮಾಸ್ಟರ್ ಚೀಫ್‌ಗೂ ಗೊತ್ತಿಲ್ಲ, ಅವನ ಹೆಲ್ಮೆಟ್ ಒಳಗೆ ಕೂತು ಮಾತಾಡೋ ಕೊರ್ಟಾನಾ ಅನ್ನೋ ಎಐಗೂ ಗೊತ್ತಿಲ್ಲ. ನಿಮಗೂ ಗೊತ್ತಿರಬಾರದು. ಮೊದಲ ಸಲ ಆ ನೆಲದ ಮೇಲೆ ನಿಂತು ತಲೆ ಎತ್ತಿದ್ರೆ ದೂರದಲ್ಲಿ ಅದೇ ನೆಲ ಮೇಲಕ್ಕೆ ಬಾಗಿ ಆಕಾಶಕ್ಕೆ ಏರಿಹೋಗಿರುತ್ತೆ. ಇಪ್ಪತ್ತು ವರ್ಷ ಹಳೆಯ ಗ್ರಾಫಿಕ್ಸ್‌ನಲ್ಲೂ ಅದು ಕೆಲಸ ಮಾಡುತ್ತೆ. ಅರ್ಧ ದಾರಿಯಲ್ಲಿ ಒಂದು ಜೌಗು ಕಾಡಿನ ಲೆವೆಲ್ ಬರುತ್ತೆ, ಅಲ್ಲಿಂದ ಇಡೀ ಗೇಮೇ ಬೇರೆ ಆಗಿಬಿಡುತ್ತೆ. ಹೇಲೋ 2 ಅಥವಾ 3 ಮೊದಲೇ ಆಡಿದವರಿಗೆ ಅಲ್ಲಿ ಯಾವ ಭಯವೂ ಆಗಲ್ಲ.

(ಒಂದು ಸೈಡ್ ವಿಷಯ: 1999ರಲ್ಲಿ ಹೇಲೋವನ್ನು ಜಗತ್ತಿಗೆ ಪರಿಚಯಿಸಿದ್ದು ಸ್ಟೀವ್ ಜಾಬ್ಸ್, ಆಪಲ್‌ನ ಮ್ಯಾಕ್‌ವರ್ಲ್ಡ್ ವೇದಿಕೆ ಮೇಲೆ! ಮರುವರ್ಷ ಮೈಕ್ರೋಸಾಫ್ಟ್ ಆ ಬಂಜೀ ಕಂಪನಿಯನ್ನೇ ಕೊಂಡುಕೊಂಡಿತು, ಗೇಮ್ ಎಕ್ಸ್‌ಬಾಕ್ಸ್ ಜೊತೆ ಬಂತು.)

ಎರಡನೇ ಕಾರಣ ಕೈಗೆ ಸಂಬಂಧಪಟ್ಟಿದ್ದು, ನನ್ನ ಪ್ರಕಾರ ಜನ ಕೈಬಿಡೋದು ಇದೇ ಕಾರಣಕ್ಕೆ. ರೀಚ್‌ನಲ್ಲಿ ಓಡಬಹುದು, ಜೆಟ್‌ಪ್ಯಾಕ್ ಹಾಕಿಕೊಂಡು ಹಾರಬಹುದು, ಹಿಂದಿನಿಂದ ಬಂದು ಸ್ಟೈಲಾಗಿ ಮುಗಿಸಬಹುದು. ಅದನ್ನು ಮುಗಿಸಿ 2001ರ ಗೇಮ್‌ಗೆ ಬಂದ್ರೆ ಸ್ಪ್ರಿಂಟ್ ಇಲ್ಲ, ಶತ್ರು ಓಡಿಸ್ತಿರೋ ಗಾಡಿಯನ್ನು ಕಿತ್ಕೊಳ್ಳೋ ಹಾಗಿಲ್ಲ, ಒಂದೇ ಥರದ ಕಾರಿಡಾರ್ ಮತ್ತೆ ಮತ್ತೆ ಬರುತ್ತೆ. ಲೈಬ್ರರಿ ಅನ್ನೋ ಲೆವೆಲ್ ಅಂತೂ ಮುಗಿಯೋದೇ ಇಲ್ಲ. ನಾನು ಹೇಳಿದ ಮೂವರಲ್ಲಿ ಇಬ್ಬರು ಬಿಟ್ಟಿದ್ದು ಅಲ್ಲೇ. ಅದೇ ಹಳೆಯದರಿಂದ ಶುರು ಮಾಡಿದ್ರೆ ಪ್ರತಿ ಗೇಮ್‌ನಲ್ಲೂ ಏನೋ ಒಂದು ಹೊಸದು ಸಿಗುತ್ತೆ. ಹೇಲೋ 2ರಲ್ಲಿ ಎರಡೂ ಕೈಯಲ್ಲಿ ಗನ್ ಹಿಡಿದ ತಕ್ಷಣ ಬರೋ ಖುಷಿ, ರೀಚ್‌ನಿಂದ ಬಂದವನಿಗೆ ಅರ್ಥ ಆಗಲ್ಲ.

ಹಾಗಂತ ರೀಚ್ ಕಮ್ಮಿ ಅಂತ ಅಲ್ಲ. ನನ್ನ ಕೇಳಿದ್ರೆ ಆರರಲ್ಲಿ ಅದೇ ಬೆಸ್ಟ್. ಅದಕ್ಕೇ ಕಾಯಬೇಕು ಅಂತಿರೋದು. ರೀಚ್ ಅನ್ನೋದು ಒಂದು ಗ್ರಹದ ಹೆಸರು. ಅದು ಬೀಳುತ್ತೆ ಅನ್ನೋದು ಗುಟ್ಟೇ ಅಲ್ಲ, ಗೇಮ್‌ನ ಮೊದಲ ದೃಶ್ಯದಲ್ಲೇ ಸುಟ್ಟ ನೆಲದ ಮೇಲೆ ಒಡೆದ ಒಂದು ಹೆಲ್ಮೆಟ್ ಬಿದ್ದಿರುತ್ತೆ. ಅಭಿಮನ್ಯು ಕಾಳಗದ ಆಟಕ್ಕೆ ಹೋದವರಿಗೆ ಚಕ್ರವ್ಯೂಹದಿಂದ ಹುಡುಗ ವಾಪಸ್ ಬರಲ್ಲ ಅಂತ ಗೊತ್ತು, ಆದ್ರೂ ಬೆಳಗಿನ ಜಾವದವರೆಗೆ ಕೂತು ನೋಡ್ತಾರಲ್ಲ, ರೀಚ್ ಕೂಡ ಅಂಥದ್ದು. ಆದರೆ ಅಭಿಮನ್ಯು ಯಾರ ಮಗ ಅಂತ ಗೊತ್ತಿದ್ದರೇ ಆ ಸಂಕಟ. ರೀಚ್‌ನ ಕೊನೆಯಲ್ಲಿ ಒಂದು ಹಡಗು ಹೊರಡುತ್ತೆ. ಹಳೆಯ ಗೇಮ್ ಆಡಿದವರಿಗೆ ಅದರ ಹೆಸರು ಕೇಳಿದ ಕೂಡಲೇ ಎದೆ ಝಲ್ ಅನ್ನುತ್ತೆ. ಆಡದೇ ಇರೋರಿಗೆ ಅದು ಒಂದು ಹಡಗು, ಅಷ್ಟೇ. ಬಂಜೀಯವರು ಮಾಡಿದ ಕೊನೆಯ ಹೇಲೋ ಇದು, ಬೀಳ್ಕೊಡುಗೆ ಅಂತಲೇ ಕಟ್ಟಿದ ಹಾಗಿದೆ. ಬೀಳ್ಕೊಡುಗೆಯನ್ನು ಮೊದಲ ದಿನವೇ ಮಾಡಿದ್ರೆ ಹೇಗೆ? ಕಾಂತಾರ ನೋಡದೆ ಸೀದಾ ಚಾಪ್ಟರ್ 1ಕ್ಕೆ ಹೋಗಿ ಕೂತ ಹಾಗಾಗುತ್ತೆ. ಕಥೆ ಅರ್ಥ ಆಗಲ್ಲ ಅಂತೇನಿಲ್ಲ, ಥಿಯೇಟರ್‌ನಲ್ಲಿ ಎಲ್ಲರೂ ಶಿಳ್ಳೆ ಹೊಡೆಯೋವಾಗ ನೀವು ಸುಮ್ಮನೆ ಕೂತಿರ್ತೀರ. ಅಂದಹಾಗೆ, ರೀಚ್‌ನಲ್ಲಿ ಹೆಸರುಗಳ ಪಟ್ಟಿ ಓಡೋಕೆ ಶುರುವಾದ ಕೂಡಲೇ ಗೇಮ್ ಕ್ಲೋಸ್ ಮಾಡಬೇಡಿ. ಅದಾದ ಮೇಲೆ ಇನ್ನೊಂದು ಸಣ್ಣ ಮಿಷನ್ ಇದೆ.

ಒಂದು ವಿನಾಯಿತಿ ಕೊಡ್ತೀನಿ. ಶೂಟರ್ ಗೇಮ್ ಇದೇ ಮೊದಲು, ಹಳೆಯ ಗ್ರಾಫಿಕ್ಸ್ ನೋಡಿದ್ರೇ ಆಗಲ್ಲ ಅನ್ನೋರು ರೀಚ್‌ನಿಂದ ಶುರು ಮಾಡಿ, ಏನೂ ಆಡದೇ ಇರೋದಕ್ಕಿಂತ ವಾಸಿ. ಆದರೆ ಮೊದಲು ಇದನ್ನು ಟ್ರೈ ಮಾಡಿ ನೋಡಿ: ಕಲೆಕ್ಷನ್‌ನಲ್ಲಿರೋದು 2011ರ ಆನಿವರ್ಸರಿ ಆವೃತ್ತಿ. ಒಂದು ಬಟನ್ ಒತ್ತಿದ್ರೆ ಹಳೆಯ ಚಿತ್ರ ಹೋಗಿ ಹೊಸದು ಬರುತ್ತೆ, ಆಟ ನಿಲ್ಲಿಸಬೇಕಾಗೂ ಇಲ್ಲ. ನಾನು ಬಯಲಲ್ಲಿ ಹೊಸದು, ಕತ್ತಲ ಲೆವೆಲ್‌ಗಳಲ್ಲಿ ಹಳೆಯದು ಇಟ್ಕೊಳ್ತೀನಿ. ಹೊಸದರಲ್ಲಿ ಬೆಳಕು ಜಾಸ್ತಿ, ಹೆದರಿಕೆ ಹೋಗಿಬಿಡುತ್ತೆ.

ಇನ್ನು ಓಡಿಎಸ್‌ಟಿ. ಕಥೆಯ ಪ್ರಕಾರ ಇದು ಹೇಲೋ 2 ನಡೀತಿರೋವಾಗಲೇ ಕೀನ್ಯಾದ ನ್ಯೂ ಮೊಂಬಾಸಾದಲ್ಲಿ ನಡೆಯುತ್ತೆ. ಅದಕ್ಕೆ 2 ಮತ್ತು 3ರ ಮಧ್ಯೆ ಆಡಿ ಅಂತ ಕೆಲವರು ಹೇಳ್ತಾರೆ. ಬೇಡ. ಹೇಲೋ 2 ಮುಗಿಯೋದೇ ಮಾತಿನ ಮಧ್ಯೆ ಫೋನ್ ಕಟ್ ಆದ ಹಾಗೆ. 2004ರಲ್ಲಿ ಆಡಿದವರು ಮೂರು ವರ್ಷ ಕಾದರು ಪಾಪ, ನೀವು ಅದೇ ರಾತ್ರಿ 3 ಹಾಕಬಹುದು, ಆ ಅದೃಷ್ಟ ಯಾಕೆ ಬಿಡ್ತೀರ? ಓಡಿಎಸ್‌ಟಿ ನಿಧಾನದ ಗೇಮ್. ಅಲ್ಲಿ ಮಾಸ್ಟರ್ ಚೀಫ್ ಇಲ್ಲ, ಒಬ್ಬ ಸಾಮಾನ್ಯ ಸೈನಿಕ ಮಳೆ ಸುರಿಯೋ ಖಾಲಿ ಊರಿನಲ್ಲಿ ರಾತ್ರಿಯೆಲ್ಲ ತನ್ನವರನ್ನು ಹುಡುಕ್ತಾನೆ, ಹಿಂದೆ ಸ್ಯಾಕ್ಸೋಫೋನ್. ದೊಡ್ಡ ಯುದ್ಧ ಮುಗಿಸಿ ಸುಸ್ತಾದ ಮೇಲೆ ಇದು ಚೆನ್ನಾಗಿ ಹಿಡಿಯುತ್ತೆ.

ಹೇಲೋ 4 ಕೊನೆಗೆ. ಈ ಲೋಕದಲ್ಲಿ ಎಐಗಳ ಆಯಸ್ಸು ಏಳು ವರ್ಷ, ಕೊರ್ಟಾನಾಗೆ ಆ ಏಳು ದಾಟಿದೆ. ಮೂರು ಗೇಮ್ ಪೂರ್ತಿ ಅವಳ ಧ್ವನಿ ಕೇಳಿದವರಿಗೆ ಮಾತ್ರ ಇದು ತಟ್ಟುತ್ತೆ. ಹೇಲೋ 5 (2015) ಕಥೆ ಪಿಸಿಗೆ ಬರಲೇ ಇಲ್ಲ, ಎಕ್ಸ್‌ಬಾಕ್ಸ್ ಇಲ್ಲದವರು ಕಟ್‌ಸೀನ್‌ಗಳನ್ನು ಯೂಟ್ಯೂಬ್‌ನಲ್ಲಿ ನೋಡಿ ಮುಂದೆ ಹೋಗಿ, ಹೆಚ್ಚೇನೂ ಕಳ್ಕೊಳ್ಳಲ್ಲ. ಇನ್‌ಫಿನಿಟ್ (2021) ಶುರುವಿನಲ್ಲಿ ಬರೋ ವಿಲನ್‌ಗಳು ಹೇಲೋ ವಾರ್ಸ್ 2 ಅನ್ನೋ ಸ್ಟ್ರಾಟಜಿ ಗೇಮ್‌ನಿಂದ ಬಂದವರು, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಟಿವಿ ಸೀರೀಸ್‌ನ ಕಥೆಯೇ ಬೇರೆ, ಈ ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ.

ಹಾಸ್ಟೆಲ್ ವೈಫೈನಲ್ಲಿ ಆರನ್ನೂ ಒಟ್ಟಿಗೆ ಡೌನ್‌ಲೋಡ್‌ಗೆ ಹಾಕಬೇಡಿ, ಬೇಕಾದ ಗೇಮ್ ಮಾತ್ರ ಟಿಕ್ ಮಾಡೋ ಆಯ್ಕೆ ಇದೆ. ಡಿಫಿಕಲ್ಟಿ ಹೀರೋಯಿಕ್ ಇಡಿ, ನಾರ್ಮಲ್‌ನಲ್ಲಿ ಶತ್ರುಗಳ ಬುದ್ಧಿ ಕಾಣೋ ಮುಂಚೆಯೇ ಅವು ಸತ್ತು ಹೋಗ್ತವೆ. ಸ್ನೇಹಿತರಿದ್ರೆ ಕೋ-ಆಪ್ ಆಡಬಹುದು: ಮೊದಲ ಎರಡರಲ್ಲಿ ಇಬ್ಬರು, ಉಳಿದವುಗಳಲ್ಲಿ ನಾಲ್ವರು. ಹೇಲೋ 2 ಮಾತ್ರ ಲೆಜೆಂಡರಿಯಲ್ಲಿ ಶುರು ಮಾಡಬೇಡಿ. ಅದರಲ್ಲಿರೋ ಸ್ನೈಪರ್‌ಗಳು ನೀವು ತಲೆ ಹೊರಗೆ ಹಾಕೋ ಮುಂಚೆಯೇ ಹೊಡೆದಿರ್ತವೆ, ಮರುದಿನ ಎಂಟು ಗಂಟೆ ಕ್ಲಾಸ್ ಇದ್ರಂತೂ ಕೇಳಲೇಬೇಡಿ.