ಸೋಯಾದಿಂದ ಟೆಂಪೆ ಮಾಡಿ ನೋಡಿ, ಕೊಬ್ಬರಿ ಹಿಂಡಿಯಿಂದ ಮಾತ್ರ ಬೇಡ

ಬೀದರ್, ಬೆಳಗಾವಿ, ಧಾರವಾಡ ಕಡೆ ನಾವು ಸೋಯಾಬೀನ್ ರಾಶಿ ಆದ ಕೂಡಲೇ ಚೀಲ ತುಂಬಿ ಮಾರುಕಟ್ಟೆಗೆ ಹಾಕ್ತೀವಿ. ಎಣ್ಣೆ ಮಿಲ್ಲಿಗೆ ಹೋಗುತ್ತೆ, ಹಿಂಡಿ ಕೋಳಿಗೆ. ನಮ್ಮ ತಟ್ಟೆಗೆ ಬರೋದು ಕಡಿಮೆ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಇದೇ ಕಾಳಿನ ಟೆಂಪೆ ದಿನನಿತ್ಯದ ಊಟ. ಆದರೆ ಅವರ ಕಾಳಿನ ಬಹುಪಾಲು ಅಮೆರಿಕದಿಂದ ಬರಬೇಕು. 2022ರ ಫೆಬ್ರುವರಿಯಲ್ಲಿ ಸೋಯಾ ದರ ಏರಿದಾಗ ಟೆಂಪೆ ತಯಾರಕರು ಮೂರು ದಿನ ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ರು. ಕಾಳು ನಮ್ಮ ಹೊಲದಲ್ಲೇ ಇದೆ, ನಾವ್ಯಾಕೆ ಮಾಡಿ ನೋಡಬಾರದು?

ಬೇಯಿಸಿದ ಕಾಳಿನ ಮೇಲೆ ರೈಜೋಪಸ್ ಅನ್ನುವ ಬೂಷ್ಟು ಬೆಳೆದು, ಬಿಳಿ ಎಳೆಗಳಿಂದ ಕಾಳನ್ನೆಲ್ಲ ಹೆಣೆದು ಗಟ್ಟಿ ಬಿಲ್ಲೆ ಮಾಡುತ್ತೆ. ಅದೇ ಟೆಂಪೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೂ ಹೆಪ್ಪು ಬೇಕು. ಜಾವಾದ ಹಳಬರು ದಾಸವಾಳದ ಜಾತಿಯ ವಾರು ಮರದ ಎಲೆ ಮೇಲೆ ಅದನ್ನ ಬೆಳೆಸಿ ಇಡ್ತಿದ್ರು. ನಮಗೆ ಆನ್‌ಲೈನ್‌ನಲ್ಲಿ ಪುಡಿ ಸಿಗುತ್ತೆ.

ಕಾಳನ್ನು ರಾತ್ರಿಯಿಡೀ ನೆನೆಸಿ, ಉಜ್ಜಿ ಸಿಪ್ಪೆ ತೆಗೆಯಿರಿ. (ಬೀಜೋಪಚಾರ ಮಾಡಿದ ಬಿತ್ತನೆ ಬೀಜ ಅಡುಗೆಗೆ ಮುಟ್ಟಲೇಬೇಡಿ.) ಮೆತ್ತಗಾಗುವವರೆಗೆ ಬೇಯಿಸಿ, ನೀರು ಬಸಿದು, ಬಟ್ಟೆ ಮೇಲೆ ಹರವಿ ಆರಿಸಿ. ನನ್ನ ಅನುಭವದಲ್ಲಿ ಇಡೀ ಕೆಲಸ ನಿಂತಿರೋದು ಇಲ್ಲೇ: ಪಸೆ ಉಳಿದರೆ ಕಾಳು ಲೋಳೆಯಾಗಿ ಕೊಳೆಯುತ್ತೆ. ಉಗುರುಬೆಚ್ಚಗಾದಾಗ ಹೆಪ್ಪು ಕಲಸಿ, ಬಾಳೆಎಲೆಯಲ್ಲಿ ಒಂದು ಇಂಚು ದಪ್ಪಕ್ಕೆ ಕಟ್ಟಿ, 30 ಡಿಗ್ರಿ ಸುಮಾರಿನ ಶಾಖದಲ್ಲಿ 24ರಿಂದ 48 ಗಂಟೆ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ಬೂಷ್ಟು ಬೆಳೆಯುವಾಗ ತಾನೇ ಬಿಸಿಯಾಗುತ್ತೆ. ಅಲ್ಲಲ್ಲಿ ಬೂದು-ಕಪ್ಪು ಚುಕ್ಕೆ ಬಂದರೆ ತೊಂದರೆಯಿಲ್ಲ. ಹಸಿರು, ಗುಲಾಬಿ ಬಣ್ಣ ಅಥವಾ ಕೊಳೆತ ವಾಸನೆ ಬಂದರೆ ತಿಪ್ಪೆಗೆ. ಚೆನ್ನಾಗಿ ಆದದ್ದನ್ನ ಹೋಳು ಮಾಡಿ ಎಣ್ಣೆಯಲ್ಲಿ ಕರಿದು ತಿನ್ನಿ, ಹಸಿ ಬೇಡ.

ತಿಪಟೂರು, ಅರಸೀಕೆರೆ ಕಡೆಯ ಹುಡುಗರು "ಕೊಬ್ಬರಿ ಹಿಂಡಿಯಿಂದ ಆಗುತ್ತಾ ಅಣ್ಣಾ?" ಅಂತ ಕೇಳ್ತಾರೆ. ಬೇಡವೇ ಬೇಡ. ಮಧ್ಯ ಜಾವಾದ ಬನ್ಯುಮಾಸ್ ಕಡೆ ಹಾಗೆ ಮಾಡಿದ 'ಟೆಂಪೆ ಬೊಂಗ್‌ಕ್ರೆಕ್' ತಿಂದು ನೂರಾರು ಜನ ಸತ್ತಿದ್ದಾರೆ. ತೆಂಗಿನ ಹಿಂಡಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡರೆ ಬೊಂಗ್‌ಕ್ರೆಕಿಕ್ ಆಮ್ಲ ಅನ್ನುವ ವಿಷ ಹುಟ್ಟುತ್ತೆ. ಅದು ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗಲ್ಲ. ಕುದಿಸಿದರೂ ಕರಿದರೂ ಹೋಗಲ್ಲ. ಅಲ್ಲಿನ ಸರ್ಕಾರ 1988ರಲ್ಲಿ ಅದನ್ನ ನಿಷೇಧಿಸಿತು.

ಸೋಯಾ ಟೆಂಪೆ ಮಾರುವ ಯೋಚನೆ ಇದ್ದರೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಗಿರಾಕಿ ಹುಡುಕಿಟ್ಟುಕೊಂಡು ಆಮೇಲೆ ಕಾಳು ನೆನೆಹಾಕಿ. ಹಸಿ ಟೆಂಪೆ ಫ್ರಿಜ್‌ನಲ್ಲೂ ಕೆಲವೇ ದಿನ ತಡೆಯೋದು.