ನಿಮಗಿದು ಗೊತ್ತೇ? ಒಡೆದ ಮನೆಯ ರಾಶಿಯೊಳಗಿನ ಸೀಸ

ಜೆಸಿಬಿ ಬಂದು ಹಳೆ ಮನೆ ಕೆಡವಿತೆಂದರೆ ಕಬ್ಬಿಣ ಗುಜರಿಗೆ, ಬಾಗಿಲು-ಕಿಟಕಿ ಹಳೆ ಮರದ ಅಂಗಡಿಗೆ. ಉಳಿದ ಇಟ್ಟಿಗೆ ಚೂರು, ಗಾರೆ, ಕಾಂಕ್ರೀಟು 'ಬರೀ ಕಲ್ಲುಮಣ್ಣು' ಅನ್ನಿಸಿಕೊಂಡು ಟ್ರ್ಯಾಕ್ಟರ್ ಹತ್ತುತ್ತದೆ. ಅದು ಬರೀ ಕಲ್ಲುಮಣ್ಣು ಹೌದೋ ಅಲ್ಲವೋ ಹೇಳಬೇಕಾದ್ದು ಪ್ರಯೋಗಾಲಯ. ತಮಾಷೆಯೆಂದರೆ, ಪ್ರಯೋಗಾಲಯದ ಉತ್ತರ ನೀವು ಕೇಳಿದ ಪ್ರಶ್ನೆಯ ಮೇಲೆ ನಿಂತಿರುತ್ತದೆ.

* 'ಎಷ್ಟು ಸೀಸ ಇದೆ?' ಮತ್ತು 'ಎಷ್ಟು ಸೀಸ ನೀರಿಗೆ ಬಿಡುತ್ತದೆ?' ಇವೆರಡು ಬೇರೆ ಬೇರೆ ಪರೀಕ್ಷೆಗಳು. ಮೊದಲನೆಯದಕ್ಕೆ ಚೂರನ್ನು ಗಟ್ಟಿ ಆಮ್ಲದಲ್ಲಿ ಕುದಿಸುತ್ತಾರೆ. ಎರಡನೆಯದಕ್ಕೆ ಚಹಾ ಪುಡಿಯ ಹಾಗೆ ನೆನೆಹಾಕುತ್ತಾರೆ. ಒಂದರಲ್ಲಿ ಸೋತ ರಾಶಿ ಇನ್ನೊಂದರಲ್ಲಿ ಗೆಲ್ಲುವುದು ಮಾಮೂಲು.

* ನೆನೆಹಾಕುವ ಪರೀಕ್ಷೆಗಳಲ್ಲಿ ಹೆಸರಾದದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರಲ್ಲಿ ಜಾರಿಗೆ ತಂದ 'ಟಿಸಿಎಲ್‌ಪಿ'. ಚೂರುಗಳನ್ನು 9.5 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಒಡೆಯಬೇಕು. 100 ಗ್ರಾಂ ಚೂರಿಗೆ ಅದರ ಇಪ್ಪತ್ತು ಪಟ್ಟು, ಅಂದರೆ ಸುಮಾರು ಎರಡು ಲೀಟರ್, ಅಸಿಟಿಕ್ ಆಮ್ಲದ ದ್ರಾವಣ ಸುರಿಯಬೇಕು. ವಿನಿಗರ್‌ಗೆ ಹುಳಿ ಕೊಡುವುದು ಇದೇ ಆಮ್ಲ. ಬಾಟಲಿಯ ಬಾಯಿ ಬಿಗಿದು ಯಂತ್ರಕ್ಕೆ ಕಟ್ಟಿದರೆ ಅದು ನಿಮಿಷಕ್ಕೆ 30 ಸಲ ತಲೆಕೆಳಗಾಗುತ್ತ 18 ಗಂಟೆ ತಿರುಗುತ್ತದೆ. ಲೆಕ್ಕ ಹಾಕಿ ನೋಡಿ: 32,400 ಲಾಗ! ಆಮೇಲೆ ಸೋಸಿ, ಆ ನೀರಿನಲ್ಲಿ ಲೋಹ ಎಷ್ಟಿದೆಯೆಂದು ಅಳೆಯುತ್ತಾರೆ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಎರಡನೇ ಅನುಸೂಚಿಯಲ್ಲೂ ಈ ಪರೀಕ್ಷೆಯ ಹೆಸರಿದೆ.

* ಆ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಸೀಸ ಸಿಕ್ಕರೆ ರಾಶಿ 'ಅಪಾಯಕಾರಿ'. ಈ ಐದು ಎಲ್ಲಿಂದ ಬಂತು? ಅಮೆರಿಕದಲ್ಲಿ ಆಗ ಕುಡಿಯುವ ನೀರಿಗಿದ್ದ 0.05 ಮಿಲಿಗ್ರಾಂ ಮಿತಿಯನ್ನು ನೂರರಿಂದ ಗುಣಿಸಿದರು, ಅಷ್ಟೆ. ಇವತ್ತು ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಸೀಸದ ಮಿತಿ 0.01 ಮಿಲಿಗ್ರಾಂ. ನಲ್ಲಿಯ ಅಳತೆ ಬಿಗಿಯಾಯಿತು, ಕಸದ ಅಳತೆ ಇದ್ದಲ್ಲೇ ಇದೆ.

* ಒಂದು ಕಿಲೋ ಚೂರಿನಲ್ಲಿ ಒಟ್ಟು ಸೀಸವೇ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಲಾಗ ಹಾಕಿಸುವ ಖರ್ಚು ದಂಡ. ಅಷ್ಟೂ ಸೀಸ ಇಪ್ಪತ್ತು ಪಟ್ಟು ನೀರಿಗೆ ಇಳಿದರೂ ಲೀಟರಿಗೆ 5 ಮಿಲಿಗ್ರಾಂ ಮುಟ್ಟುವುದಿಲ್ಲ. ಇಪ್ಪತ್ತರಿಂದ ಭಾಗಿಸಲು ಬಂದರೆ ಸಾಕು.

* ವಿನಿಗರ್ ಹುಳಿಯೇ ಏಕೆ? ಊರ ಕಸ ಕೊಳೆತಾಗ ಹುಟ್ಟುವ ಆಮ್ಲವನ್ನು ಅದು ಅನುಕರಿಸುತ್ತದೆ. ಇಟ್ಟಿಗೆ-ಕಾಂಕ್ರೀಟಿನ ರಾಶಿ ಬಾಳೆಸಿಪ್ಪೆಯ ಜೊತೆ ಮಲಗದೆ ಬಯಲಲ್ಲಿ ಬರೀ ಮಳೆಗೆ ನೆನೆಯುವುದಾದರೆ ಅದಕ್ಕೆ ಬೇರೆ ಪರೀಕ್ಷೆಯಿದೆ. ಅದರಲ್ಲಿ ಹಾಕುವುದು ಗಂಧಕಾಮ್ಲ, ನೈಟ್ರಿಕ್ ಆಮ್ಲ ಬೆರೆಸಿದ ಕೃತಕ ಮಳೆನೀರು. ಆ ವಿಧಾನದ ಪುಸ್ತಕದಲ್ಲಿ ನದಿಯೊಂದು ಗಡಿಯಾಗಿ ಕೂತಿದೆ: ಮಿಸಿಸಿಪ್ಪಿಯ ಪೂರ್ವ ದಡದ ಮಣ್ಣಿಗೆ ಪಿಎಚ್ 4.2ರ 'ಮಳೆ', ಪಶ್ಚಿಮದ ಮಣ್ಣಿಗೆ ಪಿಎಚ್ 5ರದು! ಯುರೋಪಿನ ಇಎನ್ 12457 ಪರೀಕ್ಷೆಗೆ ಇಷ್ಟೆಲ್ಲ ರಗಳೆಯಿಲ್ಲ. ಶುದ್ಧ ನೀರು, 24 ಗಂಟೆ.

* ಆಮ್ಲ ಹೆಚ್ಚಿದಷ್ಟೂ ಸೀಸ ಕರಗುತ್ತದೆ ಎಂಬುದು ಅರ್ಧ ಸತ್ಯ. ಕ್ಷಾರ ವಿಪರೀತವಾದರೂ ಅದು ಕರಗುತ್ತದೆ. ನಡುವಿನಲ್ಲಿ, ಪಿಎಚ್ ಎಂಟು-ಒಂಬತ್ತರ ಆಸುಪಾಸಿನಲ್ಲಿ, ಸುಮ್ಮನಿರುತ್ತದೆ. ಈಗಷ್ಟೇ ಒಡೆದ ಕಾಂಕ್ರೀಟು ನೆನೆದ ನೀರಿನ ಪಿಎಚ್ 12 ದಾಟಬಹುದು. ಹಾಗಾಗಿ ಒಂದೇ ಪಿಎಚ್‌ನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರುವುದು, ಒಂದೇ ಅಗುಳು ಹಿಸುಕಿ ಊರಿಗೆಲ್ಲ ಬಡಿಸಿದ ಹಾಗೆ.

* ಪರೀಕ್ಷೆಗೇ ಮಂಕುಬೂದಿ ಎರಚಿದ ಕಥೆ ಕೇಳಿದ್ದೀರಾ? ಅಮೆರಿಕದ ಎರಕದ ಕಾರ್ಖಾನೆಗಳಲ್ಲಿ ಸೀಸ ಬೆರೆತ ಮರಳಿಗೆ ಕಬ್ಬಿಣದ ಪುಡಿ ಕಲಸುವ ರೂಢಿಯಿತ್ತು. ಬಾಟಲಿ ತಿರುಗುವ 18 ಗಂಟೆ ಆ ಕಬ್ಬಿಣ ಸೀಸವನ್ನು ನೀರಿಗೆ ಬಿಡದೆ ಹಿಡಿದಿಡುತ್ತಿತ್ತು, ವರದಿಯಲ್ಲಿ 'ಪಾಸ್'. ರಾಶಿಯಲ್ಲಿ ಕೆಲಕಾಲ ಬಿದ್ದಿದ್ದು ಕಬ್ಬಿಣ ತುಕ್ಕಾದ ಮೇಲೆ ಹಿಡಿತ ಸಡಿಲ, ಸೀಸ ಮತ್ತೆ ಹೊರಕ್ಕೆ. 1998ರಲ್ಲಿ ಪರಿಸರ ಸಂಸ್ಥೆ ಇದನ್ನು ನಿಯಮಬಾಹಿರ ಎಂದಿತು. ಪರೀಕ್ಷೆಗಾಗಿ ಓದಿದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರಲ್ಲ, ಹಾಗೆ.

* ಗೆದ್ದಲು ತಿನ್ನದಂತೆ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಕುಡಿಸುವ 'ಸಿಸಿಎ' ಎಂಬ ಮದ್ದು ಜಗತ್ತಿನ ತುಂಬ ಬಳಕೆಯಾಯಿತು. ಅದನ್ನು ಕಂಡುಹಿಡಿದವರು ಭಾರತೀಯರು: ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಮ್, 1933ರಲ್ಲಿ. ಕ್ರೋಮಿಯಂ ಉಳಿದೆರಡನ್ನು ಮರದ ನಾರಿಗೆ ಕಚ್ಚಿಸುತ್ತದೆ. ಅದೇ ಅವರ ಜಾಣ್ಮೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಈ ಮದ್ದು ನಿಂತಿತು. ಆದರೆ ಹಳೆಯ ಜಗುಲಿ, ಬೇಲಿಗಳ ಮರ ಈಗಲೂ ಕಟ್ಟಡ ತ್ಯಾಜ್ಯಕ್ಕೆ ಬಂದು ಬೀಳುತ್ತಿದೆ. ಟಿಸಿಎಲ್‌ಪಿಯಲ್ಲಿ ಅದು ಆರ್ಸೆನಿಕ್ ಮಿತಿಯನ್ನು ದಾಟುವುದುಂಟು. ಹಾಗಿದ್ದೂ ಬಳಸಿದವರೇ ಎಸೆದ ಇಂಥ ಮರಕ್ಕೆ ಅಲ್ಲಿನ ಕಾನೂನು 'ಅಪಾಯಕಾರಿ' ಪಟ್ಟಿಯಿಂದ ವಿನಾಯಿತಿ ಕೊಟ್ಟಿದೆ. ಪರೀಕ್ಷೆ ಒಂದು ಹೇಳುತ್ತದೆ, ಕಾನೂನು ಇನ್ನೊಂದು.

* ಗೋಡೆಗೆ ಪಿಸ್ತೂಲಿನಂತೆ ಹಿಡಿದರೆ ಬಣ್ಣದೊಳಗಿನ ಸೀಸ ಹೇಳುವ ಎಕ್ಸ್‌ಆರ್‌ಎಫ್ ಯಂತ್ರವಿದೆ. ಸುತ್ತಿಗೆ ಬೇಡ, ಆಮ್ಲ ಬೇಡ. ಆದರೆ ಸೀಸದ ಮುಖ್ಯ ಎಕ್ಸ್-ಕಿರಣದ ಶಕ್ತಿ 10.55 ಕಿಲೋ ಎಲೆಕ್ಟ್ರಾನ್ ವೋಲ್ಟ್, ಆರ್ಸೆನಿಕ್‌ನದು 10.54. ಅವಳಿ ಮಕ್ಕಳ ಹಾಜರಿ ಕರೆದಂತೆ, ಯಾರು 'ಎಸ್ ಸಾರ್' ಅಂದರೋ ತಿಳಿಯದು. ಅದಕ್ಕೇ ಎರಡೂ ಇರುವ ಮಾದರಿಯಲ್ಲಿ ಬೇರೆ ಗೆರೆಗಳನ್ನು ನೋಡಿ ಬಿಡಿಸಿಕೊಳ್ಳಬೇಕು.

* ಮಾದರಿಯನ್ನು ಮೊದಲು ಒಲೆಯಲ್ಲಿ ಒಣಗಿಸಿದರೆ ಪಾದರಸ ಹಾರಿಹೋಗುತ್ತದೆ. ಒಡೆದ ಟ್ಯೂಬ್‌ಲೈಟು ಬೆರೆತ ರಾಶಿಯಾದರೆ ಈ ತಪ್ಪು ದುಬಾರಿ.

* ಮೇಸ್ತ್ರಿಗಳ, ಗಾರೆ ಕೆಲಸದವರ ಕೈ ಒಡೆದು ತುರಿಸುವುದಕ್ಕೆ ಸಿಮೆಂಟಿನಲ್ಲಿರುವ, ನೀರಿನಲ್ಲಿ ಕರಗುವ ಆರು-ವೇಲೆನ್ಸಿಯ ಕ್ರೋಮಿಯಂ ಒಂದು ಕಾರಣ. ಇದರ ಪರೀಕ್ಷೆ ಕಣ್ಣಿಗೆ ಹಬ್ಬ: ಆಮ್ಲ ಬೆರೆಸಿದ ಸೋಸು ನೀರಿಗೆ ಡೈಫಿನೈಲ್‌ಕಾರ್ಬಜೈಡ್ ಹಾಕಿದರೆ ನೇರಳೆಹಣ್ಣಿನ ರಸದ ಬಣ್ಣ ಏರುತ್ತದೆ. ಬಣ್ಣ ಗಾಢವಾದಷ್ಟೂ ಕ್ರೋಮಿಯಂ ಜಾಸ್ತಿ. ಡೆನ್ಮಾರ್ಕ್ 1983ರಲ್ಲೇ ಇದಕ್ಕೆ ಮಿತಿ ಹಾಕಿತು. ಯುರೋಪಿನ ಒಕ್ಕೂಟ 2005ರಿಂದ ಹತ್ತು ಲಕ್ಷಕ್ಕೆ 2 ಭಾಗ ಎಂದಿತು. ಪರಿಹಾರ ಅಗ್ಗ, ಸಿಮೆಂಟಿಗೆ ಒಂದಿಷ್ಟು ಫೆರಸ್ ಸಲ್ಫೇಟ್.

* ಇಷ್ಟೆಲ್ಲ ಯಂತ್ರವಿದ್ದೂ ದೊಡ್ಡ ತಪ್ಪು ನಡೆಯುವುದು ಪ್ರಯೋಗಾಲಯದ ಹೊರಗೆ, ರಾಶಿಯ ಮುಂದೆ. ಹಳೆ ಹಳದಿ ಬಣ್ಣದ ಒಂದು ಚಕ್ಕೆ ಮುಷ್ಟಿಯೊಳಗೆ ಸಿಕ್ಕಿದರೆ ಸೀಸ ಆಕಾಶಕ್ಕೆ, ಸಿಗದಿದ್ದರೆ ಸೊನ್ನೆ. ಅದಕ್ಕೇ ಒಡೆದ ಚೂರನ್ನು ಕಣದ ರಾಗಿಯಂತೆ ಗೋಪುರ ಮಾಡಿ, ಚಪ್ಪಟೆ ಒತ್ತಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು ಉಳಿದೆರಡನ್ನು ಬೆರೆಸಿ ಮತ್ತೆ ಗೋಪುರ ಮಾಡುತ್ತಾರೆ. ಬೇಕಾದಷ್ಟೇ ಉಳಿಯುವವರೆಗೂ ಇದೇ ಕೆಲಸ. ಸಲಿಕೆ ಹಿಡಿದವನಿಗೆ ಬೇಸರ ಬಂದರೆ ಕೋಟಿ ಬೆಲೆಯ ಯಂತ್ರವೂ ಸುಳ್ಳು ಹೇಳುತ್ತದೆ.

* ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್ 1ರಿಂದ. ನಿಮ್ಮ ಅಜ್ಜನ ಕಾಲದ ಕಿಟಕಿಗೆ ಹೊಡೆದ ಹಸಿರು, ಹಳದಿ ಈ ನಿಯಮ ಕಂಡಿಲ್ಲ.

* ಒಡೆದ ಕಾಂಕ್ರೀಟು ಮತ್ತೆ ಮನೆಯಾಗಬಹುದು. ಐಎಸ್ 383ರ 2016ರ ಆವೃತ್ತಿ ಎಂ25 ದರ್ಜೆಯವರೆಗಿನ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಜಲ್ಲಿಯ ಶೇ 20ರಷ್ಟನ್ನು ಹೀಗೆ ಮರುಬಳಸಲು ಬಿಡುತ್ತದೆ.

* ಕೊನೆಯದು, ಮನೆ ಒಡೆಸುವವರಿಗೆ. ಟ್ಯೂಬ್‌ಲೈಟುಗಳನ್ನು ಜೆಸಿಬಿ ಬರುವ ಮೊದಲೇ ಇಳಿಸಿ. ಬಣ್ಣ ಹೊಡೆದ ಹಳೆ ಚೌಕಟ್ಟಿನ ತುಂಡನ್ನು ಬಚ್ಚಲ ಹಂಡೆಯ ಒಲೆಗೆ ಹಾಕಬೇಡಿ. ಮರ ಉರಿಯುತ್ತದೆ, ಸೀಸ ಉರಿಯುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋಗಿ ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಆಗಲೇ ಹಾಕಿಯಾಗಿದ್ದರೆ, ಆ ಬೂದಿಯಲ್ಲಿ ಪಾತ್ರೆ ತಿಕ್ಕಬೇಡಿ.